‘ಹುಣ್ಣಿಮೆ ಹಾಸ್ಟೆಲ್’ನ ಇಪ್ಪತ್ತೇಳು ತಪ್ಪುಗಳು

ಆರುನೂರು ವರ್ಷವಾದರೂ ಪಿಯುಸಿ ಪಾಸು ಮಾಡದ ಹುಡುಗನೊಬ್ಬನ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಅವನ ಹೆಸರು ವೇದಾಂತ್. ವೃತ್ತಿಯಲ್ಲಿ ದೆವ್ವ. ಹಂಪಿಯ ಪಾಳು ಮಂಟಪದಲ್ಲಿ ವಾಸ, ಹೊಸಪೇಟೆಯ ಕಾಲೇಜಿನಲ್ಲಿ ಸೈನ್ಸ್. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳೂವರೆಗೆ ಸರಿಯಾಗಿ ‘ಹುಣ್ಣಿಮೆ ಹಾಸ್ಟೆಲ್’ ಎಂಬ ಧಾರಾವಾಹಿಯಲ್ಲಿ ನಮ್ಮ ಮನೆಗೆ ಬಂದು, ಹಣೆಯ ಮೇಲಿನ ಕೂದಲು ಹಾರಿಸುತ್ತ, ನನ್ನ ಮಗಳು ಅಪೇಕ್ಷಾಳ ಸೆಕೆಂಡ್ ಪಿಯುಸಿಯನ್ನು ಹಾಳು ಮಾಡುತ್ತಿದ್ದ. (ತಾನು ಪಾಸಾಗದವನು ಇನ್ನೊಬ್ಬರನ್ನು ಪಾಸಾಗಲು ಬಿಡುತ್ತಾನೆಯೇ.)

ಅರ್ಧ ಗಂಟೆ ನೋಡಿ ಎದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ನೋಡಿದ ಮೇಲೆ ಒಂದು ಗಂಟೆ ಗೆಳತಿಯರೊಂದಿಗೆ ಫೋನಿನಲ್ಲಿ ಶಾಸ್ತ್ರಚರ್ಚೆ. ಅವನಿಗೆ ನೆರಳು ಇದೆಯೋ ಇಲ್ಲವೋ, ಇದ್ದರೆ ಯಾವ ಕಡೆ ಬೀಳುತ್ತದೆ, ಇತ್ಯಾದಿ. ಬೆಳಕಿನ ಪಾಠ ಇಷ್ಟು ಶ್ರದ್ಧೆಯಿಂದ ಓದಿದ್ದರೆ ಫಿಸಿಕ್ಸ್ ಟೆಸ್ಟಿನಲ್ಲಿ ಐವತ್ತಕ್ಕೆ ಹದಿನಾರು ಬರುತ್ತಿರಲಿಲ್ಲ. ಆ ಹದಿನಾರನ್ನು ನೋಡಿದ ದಿನ ನಾನು ಟಿವಿಯ ಪ್ಲಗ್ಗಿಗೆ ಕೈ ಹಾಕಿದೆ.

“ಅಮ್ಮ, ನೀ ಒಂದು ಎಪಿಸೋಡೂ ನೋಡಿಲ್ಲ. ನೋಡದ ಹೆಂಗ ಬೈತಿ?” ಎಂದಳು ಅಪೇಕ್ಷಾ.

“ಸೆಗಣಿ ಅಂತ ತಿಳೀಲಿಕ್ಕೆ ತುಳೀಬೇಕೇನ?”

“ಒಂದ ಒಂದು ಎಪಿಸೋಡ್, ನಡಕ ಏಳದಂಗ ನೋಡು. ಶುಕ್ರವಾರದ ಪೂಜಿಗೆ ನಿಮ್ಮ ಮಂದಿ ಬರ್ತಾರಲ್ಲ, ಅವರ ಮುಂದ ಏನೇನು ತಪ್ಪು ಅವ ಹೇಳು. ಅವರು ಕೆಟ್ಟದ್ದು ಅಂದ್ರ ಮಾರ್ಚ್ ತನಕ ನಾ ಟಿವಿ ಮುಟ್ಟಂಗಿಲ್ಲ. ಚಲೋ ಅದ ಅಂದ್ರ ನೀ ಮತ್ತ ಬೈಯಂಗಿಲ್ಲ.”

ನಾನು ಒಳಗೊಳಗೇ ಕುಣಿದಾಡಿದೆ. ಶ್ರಾವಣ ಶುಕ್ರವಾರ ನಮ್ಮ ಟಿ.ಬಿ. ಡ್ಯಾಂ ಕ್ವಾರ್ಟರ್ಸಿಗೆ ಸಂಪತ್ತು ಲಕ್ಷ್ಮಿಯ ಪೂಜೆಗೆ ಬರುವವರು ಒಂಬತ್ತು ಜನ ಹೆಂಗಸರು. ಸರಾಸರಿ ವಯಸ್ಸು ಅರವತ್ತೈದು. ಮಡಿಯಲ್ಲಿದ್ದಾಗ ಕ್ಯಾಲೆಂಡರಿನ ಚಿತ್ರಕ್ಕೂ ತಾಗದೆ ನಡೆಯುವವರು. ಇಂಥ ನ್ಯಾಯಪೀಠದ ಮುಂದೆ ಒಂದು ದೆವ್ವ ಗೆಲ್ಲುವುದು ಸಾಧ್ಯವೇ ಇರಲಿಲ್ಲ.

ಗುರುವಾರ ಸಂಜೆ ಪೆನ್ನು, ಹಾಳೆ ಹಿಡಿದು ಕುಳಿತೆ. ಜಾಹೀರಾತು ಮುಗಿಯುವುದರೊಳಗೆ ಮೊದಲ ತಪ್ಪು ಬರೆದಾಗಿತ್ತು: ಆರುನೂರು ವರ್ಷದ ಹಿಂದೆ ಯಾವ ತಾಯಿ ಮಗನಿಗೆ ವೇದಾಂತ್ ಎಂದು ಹೆಸರಿಟ್ಟಿದ್ದಳು? ಎರಡು, ನಾಯಕಿ ಪೂಜಿತಾ ದೀಪ ಹಚ್ಚುವ ಹೊತ್ತಿನಲ್ಲಿ ಕೂದಲು ಬಿಚ್ಚಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಾಳೆ. ದೆವ್ವ ಬರದೆ ಇನ್ನೇನು, ಅಕ್ಕಿ ಮೂಟೆ ಬರುತ್ತದೆಯೇ? ಐದು, ಕಾಲೇಜಿಗೆ ಹೋಗುವ ಯಾರ ಕೈಯಲ್ಲೂ ಪುಸ್ತಕವಿಲ್ಲ. ಒಂಬತ್ತು, ಹಂಪಿ ಬಜಾರಿನಲ್ಲಿ ಓಡಲು ಶುರು ಮಾಡಿದ ಹುಡುಗಿ ಒಂದು ಕಂಬ ದಾಟುವಷ್ಟರಲ್ಲಿ ಸಂಡೂರಿನ ಕಾಡಿನಲ್ಲಿದ್ದಾಳೆ. ನಾವು ಸಂಡೂರಿಗೆ ಹೋಗಬೇಕಾದರೆ ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತ ಬಸ್ಸಿನಲ್ಲಿ ನಿಲ್ಲುತ್ತೇವೆ. ಇವಳು ಹವಾಯಿ ಚಪ್ಪಲಿಯಲ್ಲಿ ಎರಡು ಸೆಕೆಂಡಿನಲ್ಲಿ ಹೋದಳು. ಈ ಒಂಬತ್ತನೆಯ ತಪ್ಪಿಗೆ ನಾನು ಪೆನ್ನನ್ನು ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದೆ.

ನನ್ನ ಪತಿದೇವರು ಪ್ರಭಂಜನರು ಕಾಲುವೆ ಆಫೀಸಿನಲ್ಲಿದ್ದಾರೆ. ಅವರು ಎಪಿಸೋಡಿನುದ್ದಕ್ಕೂ ಒಂದೇ ಮಾತಾಡಿದರು. “ಹಿಂದ ಕಾಲುವಿ ಒಣಗೇದ ನೋಡು. ಇದು ಮೇ ತಿಂಗಳ ಶೂಟಿಂಗು.” ಅದೂ ಒಂದು ತಪ್ಪೆಂದು ಬರೆದುಕೊಂಡೆ. ಒಟ್ಟು ಇಪ್ಪತ್ತೇಳಾದವು.

ಶುಕ್ರವಾರ ಪೂಜೆ ಸಾಂಗವಾಗಿ ನಡೆಯಿತು. ಆರತಿಯಾದ ಮೇಲೆ ವ್ರತದ ಕತೆ. ಎಲ್ಲರೂ ಬಲಗೈಯಲ್ಲಿ ಅಕ್ಷತೆ ಹಿಡಿದು ಕತೆ ಕೇಳಬೇಕು, ಮುಗಿದ ಮೇಲೆ ದೇವರಿಗೆ ಹಾಕಬೇಕು, ನಡುವೆ ಏಳಬಾರದು. ಇದು ನಮ್ಮ ಪದ್ಧತಿ. ಕತೆ ಹೇಳುವವರು ಪ್ರತಿವರ್ಷ ನಮ್ಮ ಅತ್ತೆ ಸೀತಾಬಾಯಿಯವರು. ಈ ಸಲ ಅವರಿಗೆ ಗಂಟಲು ಕಟ್ಟಿ ಆ ಗೌರವ ನನಗೆ ಬಂದಿತ್ತು. ಅಕ್ಷತೆ ಹಂಚಿ, ಪುಸ್ತಕ ಬಿಚ್ಚಿದೆ. ಅಷ್ಟರಲ್ಲಿ ತುಳಸಾಬಾಯಿ ಬಾಯಿ ಹಾಕಿದರು. ಅವರು ನಮ್ಮ ಗುಂಪಿನಲ್ಲೇ ಹಿರಿಯರು, ಸೀತಾಬಾಯಿಯವರ ಬಾಲ್ಯದ ಗೆಳತಿ.

“ಶ್ರೀಲಕ್ಷ್ಮೀ, ಅದೇನೋ ಸೀರಿಯಲ್ಲಿಂದು ತೀರ್ಪು ಹೇಳಬೇಕಂತಲ್ಲ? ಮೊದಲ ಅದನ್ನ ಮುಗಿಸಿಬಿಡು. ಹೋಳಿಗಿ ಉಂಡ ಮ್ಯಾಲ ಯಾರಿಗೆ ಎಚ್ಚರ ಇರ್ತದ?”

ನನ್ನ ಜನ್ಮದ ತಪ್ಪು ಅಲ್ಲಿ ನಡೆಯಿತು. ಪುಸ್ತಕ ಮಡಚಿ ಹಾಳೆ ಬಿಚ್ಚಿದೆ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ ಇದೆ ಎಂಬುದು ನನ್ನ ಸಿಟ್ಟಿಗೆ ಕಾಣಲೇ ಇಲ್ಲ.

ಮೊದಲ ಎಂಟು ತಪ್ಪುಗಳಿಗೆ ಸಭೆ ‘ಅಯ್ಯ, ಅಯ್ಯ’ ಎಂದು ತಲೆಯಾಡಿಸಿತು. ಒಂಬತ್ತನೆಯದಕ್ಕೆ ತುಳಸಾಬಾಯಿ ಕೇಳಿದರು, “ಹುಡುಗಿ ಯಾಕ ಓಡಿದ್ಲು?”

“ಯಾಕರ ಓಡ್ಲಿರಿ, ಎರಡು ಸೆಕೆಂಡಿನಾಗ...”

“ಕಾರಣ ತಿಳೀದ ತಪ್ಪು ಅಂತ ಹೆಂಗನ್ನೋದವಾ?”

ಅದಕ್ಕೆ ಕಾರಣ ಹೇಳಬೇಕಾಯಿತು: ವೇದಾಂತ್ ದೆವ್ವವೆಂದು ಗೊತ್ತಾಗಿ ಹೆದರಿ ಓಡಿದಳು. ಕಾರಣಕ್ಕೆ ಅದರ ಹಿಂದಿನ ಕಾರಣ ಹೇಳಬೇಕಾಯಿತು. ಆ ವೇದಾಂತ್ ಮೂಲತಃ ಹುಟ್ಟು ದೆವ್ವವಲ್ಲ; ಆರುನೂರು ವರ್ಷದ ಹಿಂದೆ ಅವನ ತಾಯಿ ದೀಪಕ್ಕೆ ಎಣ್ಣೆ ತರಲು ಕಳಿಸಿದ್ದಳು; ಎಣ್ಣೆ ತಂದು ನೋಡಿದರೆ ಊರೇ ಇರಲಿಲ್ಲ; ಅಂದಿನಿಂದ ಎಣ್ಣೆಯ ಕುಡಿಕೆ ಹಿಡಿದು ಮನೆ ಹುಡುಕುತ್ತಿದ್ದಾನೆ. ಇದನ್ನು ನಾನು ಅತ್ಯಂತ ತಿರಸ್ಕಾರದಿಂದಲೇ ಹೇಳಿದೆ. ತಲೆಯೆತ್ತಿ ನೋಡಿದರೆ ನ್ಯಾಯಪೀಠ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿತ್ತು.

“ಪಾಪ, ಆ ಕೂಸು ಉಂಡಿತ್ತೋ ಇಲ್ಲೋ” ಎಂದರು ಒಬ್ಬರು.

ನನಗೆ ರೇಗಿತು. ಇನ್ನು ಬೇಗ ಮುಗಿಸಿ ತೀರ್ಪು ಪಡೆಯಬೇಕೆಂದು ಕಡೆಯ ದೃಶ್ಯಕ್ಕೆ ಹಾರಿದೆ. ಪೂಜಿತಾ ಒಂದು ಮಂಟಪಕ್ಕೆ ಬರುತ್ತಾಳೆ. ಮುಚ್ಚಿದ ಬಾಗಿಲು. ಒಳಗಿನಿಂದ ಮುದುಕಿಯೊಬ್ಬಳ ದನಿ: “ಎಣ್ಣಿ ತಂದ್ಯಾ?”

“ಆಮ್ಯಾಲ?” ಎಂದರು ಒಂಬತ್ತು ಜನ.

“ಆಮ್ಯಾಲೇನಿಲ್ರಿ. ಮುಂದುವರಿಯುವುದು ಅಂತ ಬಂತು.”

ನಾನು ವ್ರತದ ಪುಸ್ತಕ ಕೈಗೆತ್ತಿಕೊಂಡೆ. ಆಗ ಗಂಟಲು ಕಟ್ಟಿದ ನಮ್ಮ ಅತ್ತೆ, ಇದ್ದ ದನಿಯನ್ನೆಲ್ಲ ಕೂಡಿಸಿಕೊಂಡು ಮಾತಾಡಿದರು.

“ಶ್ರೀಲಕ್ಷ್ಮೀ, ಎಲ್ಲಾರ ಕೈಯಾಗ ಅಕ್ಷತಿ ಅದ.”

“ಹೌದ್ರಿ ಅತ್ತಿಯವರ. ಈಗ ಲಕ್ಷ್ಮೀ ಕತಿ ಓದ್ತೀನಿ.”

“ಅದಕ್ಕ ಬ್ಯಾರೆ ಅಕ್ಷತಿ ಕೊಡು. ಇದನ್ನ ಹಿಡಕೊಂಡು ಆ ಹುಡುಗನ ಕತಿ ಕೇಳೀವಿ. ಅರ್ಧ ಕತಿಗೆ ಅಕ್ಷತಿ ಹಾಕಂಗಿಲ್ಲ, ಚೆಲ್ಲಂಗೂ ಇಲ್ಲ. ಮುಗಿಯೋ ತನಕ ಇಟಗೋಬೇಕು.”

“ಅತ್ತಿಯವರ, ಅದು ದೆವ್ವದ ಸೀರಿಯಲ್ರಿ.”

“ಅಕ್ಷತಿ ದೇವರದು. ನಮ್ಮವ್ವನ ಕಾಲದಾಗ ಕತಿ ಅರ್ಧಕ್ಕ ಬಿಟ್ಟು ಎದ್ದ ಮನ್ಯಾಗ ಏನಾತು ಅಂತ ನನಗ ಗೊತ್ತದ.” (ಏನಾಯಿತು ಎಂದು ಹೇಳಲಿಲ್ಲ. ಇಪ್ಪತ್ತು ವರ್ಷದಿಂದ ಯಾವ ಶಾಸ್ತ್ರಕ್ಕೂ ಹೇಳಿಲ್ಲ.)

ಒಂಬತ್ತೂ ಜನ ಆ ಅಕ್ಷತೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾನೂ ಹಾಕಿಕೊಂಡೆ. ಹಾಗಾದರೆ ಅವರವರ ಮನೆಯಲ್ಲಿ ಟಿವಿ ನೋಡಿಕೊಳ್ಳಲಿ ಎಂದೆ. ಶುರು ಮಾಡಿದ ಬಾಯೇ ಮುಗಿಸಬೇಕು ಎಂದು ತುಳಸಾಬಾಯಿ ಇನ್ನೊಂದು ಶಾಸ್ತ್ರ ತೆಗೆದರು. ಪ್ರತಿ ಶುಕ್ರವಾರ ಆ ವಾರದ ಕತೆ ನಾನೇ ಹೇಳಬೇಕೆಂದು ಠರಾವಾಯಿತು.

“ಎಷ್ಟು ದಿನದ್ದದ ಅದು?” ಎಂದು ಅತ್ತೆ ಕೇಳಿದರು.

“ಇನ್ನೂ ನಾನೂರು ಎಪಿಸೋಡ್ ಅವ ಅಜ್ಜಿ” ಎಂದಳು ಒಳಗಿನಿಂದ ಅಪೇಕ್ಷಾ. ಅವಳ ದನಿಯಲ್ಲಿದ್ದ ಸಂತೋಷ ನನಗೆ ಚೆನ್ನಾಗಿಯೇ ಕೇಳಿಸಿತು.

“ಮತ್ತ ತೀರ್ಪು?” ಎಂದೆ, ಬಹುತೇಕ ಅಳುತ್ತ. ಪೂರ್ತಿ ಕೇಳದೆ ತೀರ್ಪು ಹೇಳುವುದು ಅಧರ್ಮ ಎಂದರು ತುಳಸಾಬಾಯಿ.

ಅಂದಿನಿಂದ ನನ್ನ ಬಾಳು ಗೋಳಾಯಿತು. ದಿನಾ ಏಳೂವರೆಗೆ ಹಾಳೆ ಹಿಡಿದು ಕೂಡಬೇಕು. ಪಕ್ಕದಲ್ಲಿ ಅತ್ತೆ ಮೇಲ್ವಿಚಾರಕರು. ಆ ಹಾಳು ಧಾರಾವಾಹಿಯವರೋ, ಮೂರು ವಾರವಾದರೂ ಆ ಬಾಗಿಲು ತೆರೆಯಲಿಲ್ಲ. ಒಂದು ವಾರ ಪೂಜಿತಾ ಬಾಗಿಲ ಕಡೆ ನೋಡಿದಳು. ಇನ್ನೊಂದು ವಾರ ವೇದಾಂತ್ ನೋಡಿದ. ಮೂರನೆಯ ವಾರ ಬಾಗಿಲೇ ಇವರಿಬ್ಬರನ್ನೂ ನೋಡಿತು. ಸಿಟ್ಟಿನಲ್ಲಿ ನಾನು ಪರದೆಗೆ ಲಟ್ಟಣಿಗೆ ತೋರಿಸಿ ಬೈದದ್ದೂ ಉಂಟು. ಶ್ರಾವಣ ಮುಗಿಯಿತು, ಭಾದ್ರಪದ ಮುಗಿಯಿತು, ಸೆರಗಿನ ಗಂಟುಗಳು ಒಂದು ಸೀರೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತ ಹೋದವು.

ಅಪೇಕ್ಷಾ ಎರಡನೆಯ ವಾರಕ್ಕೇ ನೋಡುವುದನ್ನು ಬಿಟ್ಟಳು. ಅಜ್ಜಿಯರೆಲ್ಲ ಕೇಳಲು ಶುರು ಮಾಡಿದ ಮೇಲೆ ಅದರಲ್ಲಿ ಮಜಾ ಇಲ್ಲವಂತೆ. ಪುಸ್ತಕ ಎತ್ತಿಕೊಂಡು ಪಕ್ಕದ ಮನೆಯ ವಿರುಪಮ್ಮನ ಹತ್ತಿರ ಓದಲು ಹೋಗುತ್ತಿದ್ದಳು. ನಾನು ಬೇಡಿದ್ದು ಅದನ್ನೇ. ಆದರೂ ಗೆದ್ದ ಸುಖ ಮಾತ್ರ ಇರಲಿಲ್ಲ.

ಕಳೆದ ಗುರುವಾರ ಕಾಲೇಜಿನಲ್ಲಿ ಪಾಲಕರ ಸಭೆ. ಉಪನ್ಯಾಸಕ ವಿಜಯಕುಮಾರ್ ಅಪೇಕ್ಷಾಳ ಅಂಕ ತೋರಿಸಿದರು. ಫಿಸಿಕ್ಸಿನಲ್ಲಿ ಐವತ್ತಕ್ಕೆ ನಲವತ್ತಮೂರು. ನಾನು ಹಿಗ್ಗುತ್ತಿದ್ದಂತೆ ಅವರು ಇನ್ನೊಂದು ಕಾಗದ ಮುಂದಿಟ್ಟರು. ವಿದ್ಯಾರ್ಥಿಗಳೇ ತುಂಬಿದ ನಮೂನೆ. ‘ಮನೆಯಲ್ಲಿ ಓದಿಗೆ ಇರುವ ಅಡ್ಡಿ’ ಎಂಬಲ್ಲಿ ನನ್ನ ಮಗಳ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ತಾಯಿ ದಿನಾಲು ದೆವ್ವದ ಸೀರಿಯಲ್ ನೋಡುತ್ತಾರೆ. ಬೇಡ ಎಂದರೆ ಬೈಯುತ್ತಾರೆ.’

“ಮೇಡಂ, ಹುಡುಗಿ ಭಾಳ ಶ್ಯಾಣ್ಯಾ ಅದಾಳ್ರಿ. ಮಾರ್ಚ್ ತನಕ ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡ್ರಿ” ಎಂದು ವಿಜಯಕುಮಾರ್ ಮೆಲ್ಲಗೆ ಹೇಳಿದರು. ಸುತ್ತ ಕುಳಿತ ಪಾಲಕರೆಲ್ಲ ನನ್ನನ್ನೇ ನೋಡಿದರು. ವ್ರತ, ಅಕ್ಷತೆ, ಅತ್ತೆ, ಎಲ್ಲವನ್ನೂ ವಿವರಿಸಲು ಬಾಯಿ ತೆರೆದೆ. ಯಾವುದರಿಂದ ಶುರು ಮಾಡಿದರೂ ನನ್ನ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ ಎನ್ನಿಸಿ ಮುಚ್ಚಿದೆ. ಆ ನಮೂನೆಯ ಕೆಳಗೆ ‘ಪಾಲಕರ ಒಪ್ಪಿಗೆ’ ಎಂಬಲ್ಲಿ ಸಹಿ ಹಾಕಿದೆ.

ಡ್ಯಾಂ ಬಸ್ಸಿನಲ್ಲಿ ಮಗಳ ಪಕ್ಕ ಕುಳಿತೆ. ಅವಳ ಮೇಲೆ ಸಿಟ್ಟು, ಆ ವೇದಾಂತನ ಮೇಲೆ ಸಿಟ್ಟು. ಆದರೆ ಅಂದು ಆ ಬಾಗಿಲು ತೆರೆಯುವುದು ಖಾತ್ರಿ ಎಂದು ಹಿಂದಿನ ದಿನವೇ ತೋರಿಸಿದ್ದರು. ಕಡೆಗೆ ನಾನೇ ದನಿ ತಗ್ಗಿಸಿ ಕೇಳಿದೆ.

“ಅಪೇಕ್ಷಾ, ಇವತ್ತೊಂದ ದಿನ ನೋಡ್ಲೇನ?”

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

“ಮೊದಲ ಅಡಿಗಿ ಮುಗಿಸು. ಆಮ್ಯಾಲ ನೋಡೋಣ.”