ಅರಿಶಿನ ಹತ್ತದ ಪಂಚೆ

ಚೆನ್ನಿಮಲೈಯ ನೇಯ್ಗೆ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷಿಸುವ ಚೆನ್ನಿಯಪ್ಪನ್‌ಗೆ ಮ್ಯಾನೇಜರ್ ತಣಿಕಾಚಲಂ ಬೆಳಿಗ್ಗೆಯೇ ಬಿಳಿ ಪಂಚೆ, ಅಂಗಿ ಕೊಟ್ಟರು.

"ನ್ಯಾನೋ ಬಟ್ಟೆ ಕಣ್ರೀ. ಕಣ್ಣಿಗೆ ಕಾಣದ ಕಣಗಳ ಲೇಪ. ಯಾವ ಕಲೆಯೂ ಹತ್ತಲ್ಲ. ಇವತ್ತು ಅರಿಶಿನ ನೀರಾಟ ಅಲ್ವಾ? ಉಟ್ಕೊಂಡು ತಿರುಗಿ, ಸಂಜೆ ತಂದು ತೋರಿಸಿ. ಗೆದ್ದರೆ ಹೊಸ ವಿಭಾಗಕ್ಕೆ ನೀವೇ ಮುಖ್ಯಸ್ಥರು."

ಊರ ಅಮ್ಮನ ಗುಡಿಯ ಹಬ್ಬದ ಮಾರನೆಯ ದಿನ ಹೆಂಗಸರು ಭಾವನ ವರಸೆಯವರನ್ನು ಅರಿಶಿನದಲ್ಲಿ ಅದ್ದದೆ ಬಿಡುವುದಿಲ್ಲ. ಸೋದರತ್ತೆ ರಾಮಾತ್ತಾಳ್ ಮನೆಯೊಂದಿಗಿನ ಆರು ವರ್ಷದ ಮುನಿಸು ಮುರಿದು, ಚೆನ್ನಿಯಪ್ಪನ್ ಅಲ್ಲಿಗೆ ಕಾಲಿಟ್ಟ ಮೊದಲ ಹಬ್ಬವಿದು. ಅತ್ತೆಯ ಮಗಳು ಪೂಂಗೊಡಿ ಬಾಗಿಲಲ್ಲೇ ಕಾದಿದ್ದು ಒಂದು ಬಿಂದಿಗೆ ಅರಿಶಿನ ನೀರು ಸುರಿದಳು. ಕೆಸುವಿನೆಲೆಯ ಮೇಲಿನ ನೀರಿನಂತೆ ಅರಿಶಿನವೆಲ್ಲ ಜಾರಿ ನೆಲ ಸೇರಿತು. ಎರಡನೆಯ ಬಿಂದಿಗೆಯೂ ಅಷ್ಟೇ. ಮೂರನೆಯದಕ್ಕೆ ಅರಿಶಿನ ಗಂಜಿಯಷ್ಟು ಗಟ್ಟಿ ಕದಡಿದಳು. ಅಂಗಳ ಹಳದಿಯಾಯಿತು, ಬೆಕ್ಕು ಹಳದಿಯಾಯಿತು. ಭಾವನ ಬಟ್ಟೆ ಮಾತ್ರ ಹಾಲಿನಂತಿತ್ತು.

ಎದುರುಮನೆಯ ಸಡಯಪ್ಪನ್ ಕಟ್ಟೆಯಿಂದಲೇ ಕೂಗಿದ: "ಅರಿಶಿನವೇ ಹತ್ತದವನಿಗೆ ನೆಂಟಸ್ತನ ಹತ್ತುತ್ತೇನಮ್ಮಾ?"

ರಾಮಾತ್ತಾಳ್ ಮುಖ ಕೆಂಪಾಯಿತು. "ನಮ್ಮನೆ ಅರಿಶಿನ ನಿನಗೆ ಹೇಸಿಗೆಯಾಯ್ತೇನೋ?"

"ಇಲ್ಲ ಅತ್ತೆ! ಬಟ್ಟೆ ಮೇಲೆ ಕಣ್ಣಿಗೆ ಕಾಣದ್ದು ಏನೋ ಇದೆ..."

"ಮಾಟ ಮಾಡಿಸ್ಕೊಂಡು ಬಂದಿದ್ದೀಯಾ! ಪೂಂಗೊಡಿ, ಬಾಗಿಲು ಹಾಕೇ!"

ಚೆನ್ನಿಯಪ್ಪನ್ ಮನೆಗೆ ಓಡಿದ. ಹಳೆಯ ಪಂಚೆ, ಅಂಗಿ ಹಾಕಿಕೊಂಡು ಏದುಸಿರು ಬಿಡುತ್ತ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತ. "ಈಗ ಹಾಕು ತಾಯಿ!" ಪೂಂಗೊಡಿ ಬಾಗಿಲು ತೆರೆದು ಸುರಿದ ಒಂದೇ ಬಿಂದಿಗೆಗೆ ಮಾಗಿದ ಮಾವಿನಹಣ್ಣಾದ. ಅತ್ತೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಬಾಯಿಗೆ ಕಜ್ಜಾಯ ತುರುಕಿದಳು. ಅವನ ಎದೆಯ ಮೇಲಿಂದ ಆರು ವರ್ಷದ ಭಾರ ಇಳಿಯಿತು.

ಸಂಜೆ ಮ್ಯಾನೇಜರ್ ಅವನ ಮೈಮೇಲಿನ ಹಳದಿ ನೋಡಿದರು, ಕೈಲಿದ್ದ ಮಡಿಸಿದ ಬಿಳಿ ಬಟ್ಟೆ ನೋಡಿದರು.

"ಇದನ್ನ ಉಟ್ಟೇ ಇಲ್ಲ ನೀವು!"

"ಮೂರು ಬಿಂದಿಗೆ ಬಿದ್ದಿದೆ ಸಾರ್! ಬೇಕಾದ್ರೆ ನಮ್ಮತ್ತೆಯನ್ನೇ ಕೇಳಿ."

ಅವನೇ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಕೊಟ್ಟ.

"ಅಮ್ಮಾ, ಬೆಳಿಗ್ಗೆ ಇವರ ಬಟ್ಟೆಗೆ ಅರಿಶಿನ ಹತ್ತಲಿಲ್ವಂತೆ, ನಿಜವಾ?"

"ಯಾವನಯ್ಯಾ ಹಾಗಂದವನು? ಆ ಸಡಯಪ್ಪನ್ ತಾನೇ?" ರಾಮಾತ್ತಾಳ್ ಗುಡುಗಿದಳು. "ಮೊದಲನೇ ಬಿಂದಿಗೆಗೇ ಹತ್ತಿತು! ನಮ್ಮ ಹುಡುಗ ಕಣಯ್ಯಾ ಅವನು!"

"ಹಾಗಾದ್ರೆ ಉಟ್ಟಿದ್ದು ನಿಜ, ತೊಳೆದು ತಂದಿದ್ದೀರಿ!" ತಣಿಕಾಚಲಂ ಪುಸ್ತಕದಲ್ಲಿ 'ಮೊದಲ ಬಿಂದಿಗೆಗೇ ಕಲೆ, ಲೇಪ ವಿಫಲ' ಎಂದು ಬರೆದು ಸಹಿ ಹಾಕಿದರು.

ಚೆನ್ನಿಯಪ್ಪನ್ ಬಾಯಿ ತೆರೆದ. ಅಷ್ಟರಲ್ಲಿ ಫೋನಿನಿಂದ ಅತ್ತೆಯ ದನಿ ಬಂತು: "ಚೆನ್ನಿಯಪ್ಪಾ, ಅಲ್ಲೇ ಇದ್ದೀಯೇನೋ? ನಿನಗೆ ಎಲೆ ಹಾಕಿದ್ದೀನಿ, ಬೇಗ ಬಾ."

"ಬಂದೆ ಅತ್ತೆ," ಎಂದ.