ದುಪ್ಪಟಿಯ ಹಿಂದಿನ ದೆವ್ವ

ಒಂದು ಸಿನಿಮಾ ಮಕ್ಕಳು ನೋಡಬಹುದಾದದ್ದೋ ಅಲ್ಲವೋ ಎಂದು ಹೇಳುವುದು ದೊಡ್ಡ ಕೆಲಸವಲ್ಲ ಎಂದು ನಾನು ನಂಬಿದ್ದೆ. ಮೊದಲು ನೋಡುವುದು, ಆಮೇಲೆ ಯೋಚಿಸುವುದು, ಕೊನೆಗೆ ಹೇಳುವುದು. ಇಷ್ಟೇ. ಇತಿಹಾಸದಲ್ಲಿ ಎಂ.ಎ. ಮಾಡಿ, ನಂಜನಗೂಡಿನ ಕಾಲೇಜೊಂದರಲ್ಲಿ ಸಾಮ್ರಾಜ್ಯಗಳ ಪತನಕ್ಕೆ ಕಾರಣಗಳನ್ನು ವರ್ಷವರ್ಷವೂ ವಿವರಿಸುವ ನನಗೆ ಒಂದು ದೆವ್ವದ ಸಿನಿಮಾ ಯಾವ ಲೆಕ್ಕ? ಈ ಪ್ರಶ್ನೆಯನ್ನು ಅಂದು ನಾನು ನಿಜಕ್ಕೂ ಕೇಳಿಕೊಂಡಿದ್ದೆ. ಉತ್ತರ ಬರುವವರೆಗೆ ಕಾಯಲಿಲ್ಲ.

ನನ್ನ ಹೆಂಡತಿ ಸವಿತಾ ಪ್ರಾಥಮಿಕ ಶಾಲೆಯ ಟೀಚರು. ಬೇಸಿಗೆ ರಜೆಯಲ್ಲಿ ಅವಳಿಗೆ ಮೈಸೂರಿನಲ್ಲಿ ಹತ್ತು ದಿನದ ತರಬೇತಿ ಬಂತು, ಅಲ್ಲೇ ಉಳಿದುಕೊಂಡು ಮುಗಿಸಬೇಕಾದದ್ದು. ಹಿಂದೆ ಎರಡು ಸಲ ಹೀಗೆಯೇ ಹೋಗಿ, ಮಗಳು ಇಂಚರ ಫೋನಿನಲ್ಲಿ ಅತ್ತದ್ದಕ್ಕೆ ಎರಡು ಸಲವೂ ಅರ್ಧಕ್ಕೇ ಬಸ್ಸು ಹತ್ತಿ ವಾಪಸ್ ಬಂದಿದ್ದಳು. ಮೂರನೇ ಸಲವೂ ಹಾಗೆ ಮಾಡಿದರೆ ಮತ್ತೆ ಹೆಸರು ಕಳಿಸುವುದಿಲ್ಲ ಎಂದು ಹೆಡ್‌ಮಾಸ್ಟರು ಸೌಜನ್ಯದಿಂದಲೇ ಹೇಳಿದ್ದರು. ಇಂಚರಳಿಗೆ ಈಗ ಏಳು ವರ್ಷ. ಅವಳನ್ನು ನನ್ನ ಕೈಗೆ ಒಪ್ಪಿಸಿ ಹೋಗುವ ಒಂದು ದಾರಿಯೂ ಇತ್ತು. ಆದರೆ ಆ ದಾರಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಚರ್ಚಿಸಲಿಲ್ಲ.

ಹಾಗಾಗಿ ಇಂಚರ ತಿ. ನರಸೀಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋದಳು. ಅಲ್ಲಿ ಜೊತೆಗೆ ಅಕ್ಕನ ಮಗಳು, ಹನ್ನೊಂದು ವರ್ಷದ ನಿಧಿ ಇದ್ದಳು. ಪ್ರತಿ ಸಂಜೆ ಆರಕ್ಕೆ ಸವಿತಾ ಫೋನ್ ಮಾಡುವುದು, ಮಗು ಅಳದೆ ಮಾತಾಡುವುದು ಎಂದು ಒಪ್ಪಂದವಾಯಿತು. ಎರಡು ಸಂಜೆ ಸುಸೂತ್ರವಾಗಿ ಕಳೆದವು.

ಮೂರನೆಯ ದಿನ ಭಾನುವಾರ. ಬೆಳಿಗ್ಗೆಯೇ ಅಕ್ಕನ ಫೋನು.

"ಶಿವು, ಇವೆರಡೂ ಒಂದು ದೆವ್ವದ ಪಿಚ್ಚರ್ ನೋಡ್ಬೇಕು ಅಂತ ಪ್ರಾಣ ತಿಂತಾವೆ ಕಣೋ. ನಿಧಿ ಕ್ಲಾಸೋರೆಲ್ಲ ನೋಡವ್ರಂತೆ. ತೋರಿಸ್ಲಾ ಬೇಡ್ವಾ?"

"ಯಾವ ಸಿನಿಮಾ?"

ಅಕ್ಕ ಹೆಸರು ಹೇಳಿದಳು. ಹಳೆಯದು. ನಾವು ಚಿಕ್ಕವರಿದ್ದಾಗ ಅದೇ ನರಸೀಪುರದ ಟೆಂಟಿನಲ್ಲಿ ಒಟ್ಟಿಗೆ ಕೂತು ನೋಡಿದ್ದು.

"ಅಯ್ಯೋ, ಅದಾ? ಅದ್ರಲ್ಲಿ ಹೆದರೋಕೆ ಏನಿದೆ? ನನಗಂತೂ ಚೂರೂ ಭಯ ಆಗಿರ್ಲಿಲ್ಲ."

ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹೂಂ, ಓದಿರೋನು ನೀನು. ಬಂದು ನೋಡಿ ಒಂದು ಮಾತು ಹೇಳ್ಬಿಡು" ಎಂದಳು. ಆ ಮೌನವನ್ನು ನಾನು ಗೌರವ ಎಂದು ತಿಳಿದೆ.

ನೆನಪನ್ನು ಹಾಗೇ ನಂಬುವವನಲ್ಲ ನಾನು. ಎಂಟನೆಯ ವಯಸ್ಸಿನಿಂದ ಡೈರಿ ಬರೆಯುತ್ತಿರುವುದೇ ಆ ಕಾರಣಕ್ಕೆ. ಅಟ್ಟ ಹತ್ತಿ, ಧೂಳು ಕುಡಿದು, ಆ ವರ್ಷದ ಡೈರಿ ಹುಡುಕಿದೆ. ಸಿಕ್ಕಿತು. "ಟೆಂಟಿನಲ್ಲಿ ಸಿನಿಮಾ ನೋಡಿದೆ. ಭಯವಾಗಲಿಲ್ಲ. ನಿಜವಾಗಿಯೂ ಭಯವಾಗಲಿಲ್ಲ. ಬೇರೆಯವರಿಗೆ ಆಗಿರಬಹುದು." ಕೊನೆಯ ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದಿತ್ತು.

ಯಾವ ರಾಜನಾದರೂ ಶಾಸನದಲ್ಲಿ 'ನಾನು ಸೋಲಲಿಲ್ಲ, ನಿಜವಾಗಿಯೂ ಸೋಲಲಿಲ್ಲ' ಎಂದು ಕೆತ್ತಿಸಿದ್ದರೆ ಅವನು ಎಲ್ಲಿ ಸೋತ ಎಂದು ಹುಡುಕಲು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಸ್ವಂತ ಡೈರಿಯ ಮುಂದೆ ಆ ಪಾಂಡಿತ್ಯ ಕೆಲಸ ಮಾಡಲಿಲ್ಲ. ಪ್ರಾಥಮಿಕ ಆಕರ ಸಿಕ್ಕಿತೆಂದು ಹಿಗ್ಗಿ ಅಟ್ಟದಿಂದ ಇಳಿದೆ.

ಆದರೂ ಪರಿಶೀಲನೆ ಪರಿಶೀಲನೆಯೇ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಆ ಸಿನಿಮಾ ಹಚ್ಚಿದೆ. ಸಮಯ ಕಡಿಮೆಯಿತ್ತು, ಎರಡರಷ್ಟು ವೇಗದಲ್ಲಿ ಓಡಿಸಿದೆ, ಹಾಡುಗಳನ್ನು ಹಾರಿಸಿದೆ. ಇಯರ್‌ಫೋನು ಮನೆಯಲ್ಲೇ ಉಳಿದಿತ್ತು. ಸಹಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬ ನಾಗರಿಕ ಪ್ರಜ್ಞೆಯಿಂದ ಧ್ವನಿಯನ್ನು ಪೂರ್ತಿ ಅಡಗಿಸಿದೆ. ಪಕ್ಕದಲ್ಲಿ ಬಾಳೆಗೊನೆ ತೊಡೆಯ ಮೇಲಿಟ್ಟುಕೊಂಡಿದ್ದ ಹಿರಿಯರೊಬ್ಬರು ಕತ್ತು ಚಾಚಿ ನನ್ನ ಜೊತೆಗೆ ನೋಡತೊಡಗಿದರು.

"ಏನ್ ಸಾ, ಆಯಮ್ಮ ಯಾಕಂಗೆ ಬಾಯ್ ತಗೀತಾವ್ಳೆ?"

"ಅದು ದೆವ್ವ."

"ನಾನೇನೋ ಅಲ್ಲುನೋವು ಅಂದ್ಕಂಡೆ" ಎಂದು ಅವರು ಗೊನೆಯ ಮೇಲೆ ಗಲ್ಲ ಊರಿ ನಿದ್ದೆ ಮಾಡಿದರು.

ನನಗೂ ಹಾಗೆಯೇ ಕಂಡಿತು. ಬಿಳಿ ಸೀರೆಯ ಹೆಂಗಸೊಬ್ಬಳು ಎರಡರಷ್ಟು ವೇಗದಲ್ಲಿ ಬಾವಿಯಿಂದ ಹತ್ತುತ್ತಾಳೆ, ಬಾಯಿ ತೆರೆಯುತ್ತಾಳೆ, ತುರ್ತು ಕೆಲಸವಿದ್ದವಳಂತೆ ಹೋಗಿಬಿಡುತ್ತಾಳೆ. ಆದರೂ ಜವಾಬ್ದಾರಿಯುತ ವ್ಯಕ್ತಿಯಾಗಿ ಮಕ್ಕಳಿಗೆ ತೋರಿಸಬಾರದ ಐದು ದೃಶ್ಯಗಳನ್ನು ಗುರುತಿಸಿ, ಟಿಕೆಟ್ಟಿನ ಹಿಂಬದಿಯಲ್ಲಿ ನಿಮಿಷದ ಸಮೇತ ಬರೆದುಕೊಂಡೆ.

ಅಕ್ಕನ ಮನೆಯಲ್ಲಿ ನನ್ನ ತೀರ್ಪು ಓದಿದೆ. "ಸಿನಿಮಾ ತೋರಿಸಬಹುದು. ಐದು ಕಡೆ ಮುಚ್ಚಬೇಕು."

"ಮುಚ್ಚೋದ್ಯಾಕೆ, ಓಡ್ಸಿಬಿಡು ಮುಂದಕ್ಕೆ" ಎಂದಳು ಅಕ್ಕ.

"ಹಾಗೆ ಓಡಿಸಿದರೆ ಮಧ್ಯೆ ಜಾಹೀರಾತು ಬರುತ್ತೆ. ಜಾಹೀರಾತು ಮಕ್ಕಳ ಮನಸ್ಸಿಗೆ ದೆವ್ವಕ್ಕಿಂತ ಕೆಟ್ಟದ್ದು."

ಅಕ್ಕ ಬೀರುವಿನಿಂದ ಒಂದು ಚೌಕುಳಿ ದುಪ್ಪಟಿ ತೆಗೆದುಕೊಟ್ಟಳು.

ಊಟವಾದ ಮೇಲೆ, ಮಟಮಟ ಮಧ್ಯಾಹ್ನ, ಸಿನಿಮಾ ಶುರುವಾಯಿತು. ನನ್ನ ವ್ಯವಸ್ಥೆ ಸರಳವಾಗಿತ್ತು. ನಿಗದಿತ ನಿಮಿಷ ಬರುತ್ತಲೇ ಎದ್ದು, ಟಿ.ವಿ.ಗೆ ಬೆನ್ನು ಮಾಡಿ, ಎರಡೂ ಕೈಯಗಲಿಸಿ ದುಪ್ಪಟಿ ಹಿಡಿಯುವುದು. ಚಿತ್ರವನ್ನು ಸಂಪೂರ್ಣವಾಗಿ ಮುಚ್ಚಿದೆ. ಧ್ವನಿ ಎನ್ನುವುದೊಂದು ಇರುತ್ತದೆಂದು ನನಗೆ ಹೊಳೆಯಲೇ ಇಲ್ಲ. ನಾನು ನೋಡಿದ ಸಿನಿಮಾದಲ್ಲಿ ಅದು ಇರಲಿಲ್ಲ.

ಮೊದಲು ಒಂದು ಗೆಜ್ಜೆ ಸದ್ದು. ಆಮೇಲೆ ನೀರು ತೊಟ್ಟಿಕ್ಕುವುದು. ಆಮೇಲೆ, ನನ್ನ ಬೆನ್ನಿನ ಹಿಂದೆ ಒಂದು ಮೊಳ ದೂರದಲ್ಲಿ, ಒಂದು ಹೆಣ್ಣು ಧ್ವನಿ ನರಳಿತು. ಹಲ್ಲುನೋವಿನ ನರಳಾಟ ಅಲ್ಲ ಅದು. ನನ್ನ ಕೈ ನಡುಗಿತು. ಕೈ ನಡುಗಿದ್ದಕ್ಕೆ ದುಪ್ಪಟಿ ನಡುಗಿತು. ಎದುರಿಗೆ ಕೂತ ಎರಡು ಮಕ್ಕಳ ಕಣ್ಣಿಗೆ ಕಂಡದ್ದು ಇಷ್ಟು: ನಾನು ಬಿಳಿಚಿಕೊಂಡು ನಿಂತಿದ್ದೇನೆ, ನನ್ನ ಕೈಯಲ್ಲಿ ಬಟ್ಟೆ ಅಲುಗಾಡುತ್ತಿದೆ, ಅದರ ಹಿಂದೆ ಯಾರೋ ನರಳುತ್ತಿದ್ದಾರೆ.

ಇಂಚರ ನಿಧಿಗೆ ಅಂಟಿಕೊಂಡಳು. "ಅಪ್ಪಾ, ಬಟ್ಟೆ ಹಿಂದೆ ಏನಿದೆ?"

"ಏನೂ ಇಲ್ಲ ಪುಟ್ಟ."

"ಮತ್ತೆ ಬಟ್ಟೆ ಯಾಕೆ ಅಲ್ಲಾಡ್ತಿದೆ?"

"ಫ್ಯಾನ್ ಗಾಳಿಗೆ."

"ಫ್ಯಾನ್ ತಿರುಗ್ತಾನೇ ಇಲ್ವಲ್ಲ ಮಾಮ" ಎಂದಳು ನಿಧಿ. ಟಿ.ವಿ. ಸದ್ದು ಕೇಳಲೆಂದು ಅವಳೇ ಆರಿಸಿದ್ದಳಂತೆ.

ನಿಲ್ಲಿಸಬಹುದಿತ್ತು. ಆದರೆ ಚೀಟಿಯಲ್ಲಿ ಇನ್ನೂ ನಾಲ್ಕು ದೃಶ್ಯ ಬಾಕಿಯಿದ್ದವು. ಹಿಡಿದ ಕೆಲಸ ಅರ್ಧಕ್ಕೆ ಬಿಡುವವನಲ್ಲ ನಾನು. ನಾಲ್ಕು ಸಲವೂ ಎದ್ದು ನಿಂತೆ. ನಾಲ್ಕು ಸಲವೂ ನಡುಗಿದೆ.

ಸಿನಿಮಾ ಮುಗಿದಾಗ ನಾಲ್ಕೂವರೆ. ದೆವ್ವಕ್ಕೆ ಮೋಕ್ಷ ಸಿಕ್ಕಿತ್ತು. ನಮಗೆ ಸಿಗಲಿಲ್ಲ. ಇಂಚರ ಬಚ್ಚಲಿಗೆ ಹೋಗಲು ಎದ್ದವಳು ಬಾಗಿಲ ಪರದೆಯ ಮುಂದೆ ನಿಂತುಬಿಟ್ಟಳು. ಪರದೆಯ ಹಿಂದೆ ಏನೋ ಇದೆ. ಕಿಟಕಿಯ ಪರದೆ, ದೇವರಕೋಣೆಯ ಪರದೆ, ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ಭಾವನ ಲುಂಗಿ, ಎಲ್ಲದರ ಹಿಂದೆಯೂ ಇದೆ. ಪಾಪ ಪರಿಹಾರಾರ್ಥ ನಾನು ಸ್ಟೂಲು ಹತ್ತಿ ಒಂದೊಂದೇ ಪರದೆ ಕಳಚತೊಡಗಿದೆ.

ಎದುರು ಮನೆಯ ಮಾದಮ್ಮ ಬಾಗಿಲಿಗೆ ಬಂದರು. "ಏನ್ ಮೇಷ್ಟ್ರೇ, ಸುಣ್ಣ ಒಡೀತೀರಾ? ಇಲ್ಲ ಮನೆ ಖಾಲಿ ಮಾಡ್ತೀರಾ?"

"ಮಗು ಹೆದರಿದ್ದಾಳೆ, ಮಾದಮ್ಮ."

"ಯಾರ್ ಎದರ್ಸುದ್ರು?"

ಅಕ್ಕ ಅಡುಗೆಮನೆಯಿಂದಲೇ, "ಸ್ಟೂಲ್ ಮೇಲೆ ನಿಂತವ್ನಲ್ಲ, ಅವ್ನೇ" ಎಂದಳು.

ಪರದೆಯಿಲ್ಲದ ಮನೆಯಲ್ಲಿ ಇಂಚರ ಅಕ್ಕನ ಸೆರಗು ಹಿಡಿದು ಕೂತಳು. ತುಟಿ ಬಿಗಿಯಾಗಿತ್ತು. "ಅಮ್ಮ ಬೇಕು. ಆರು ಗಂಟೆಗೆ ಫೋನ್ ಮಾಡಿದಾಗ ಬಾ ಅಂತ ಹೇಳ್ತೀನಿ."

ಗಡಿಯಾರ ನೋಡಿದೆ. ಐದು ಗಂಟೆ. ಮಗಳು ಹಾಗೆ ಹೇಳಿದರೆ ಸವಿತಾ ಬರುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಬಂದ ಮೇಲೆ ಒಂದು ಮಾತೂ ಆಡುವುದಿಲ್ಲ. ಚೀಲ ಒಳಗಿಟ್ಟು ಅಕ್ಕಿ ತೊಳೆಯುತ್ತಾಳೆ. ಎರಡು ಸಲ ಹಾಗೆ ಅಕ್ಕಿ ತೊಳೆದದ್ದನ್ನು ನೋಡಿದ್ದೇನೆ. ಆಗ ಕಾರಣ ಮಗುವಾಗಿತ್ತು. ಈಗ ಕಾರಣ ಎಂ.ಎ. ಮಾಡಿತ್ತು.

ಅಷ್ಟರಲ್ಲಿ ಮಾದಮ್ಮ ಮನೆಗೆ ಹೋಗಿ ಮುಷ್ಟಿ ಬಿಗಿದುಕೊಂಡು ವಾಪಸ್ ಬಂದರು. "ಮಗೀಗೆ ದಿಗ್ಲು ಬಿದ್ದದೆ. ನೀವಾಳ್ಸಿ ಆಕ್ಬುಡ್ತೀನಿ" ಎಂದು ಇಂಚರಳನ್ನು ಪೂರ್ವಕ್ಕೆ ಮುಖಮಾಡಿ ಕೂರಿಸಿ, ಮುಚ್ಚಿದ ಮುಷ್ಟಿಯನ್ನು ತಲೆಯಿಂದ ಪಾದದವರೆಗೆ ಮೂರು ಸುತ್ತು ಇಳಿಸಿದರು. ಎರಡನೇ ಸುತ್ತಿಗೇ ಇಂಚರಳ ಕಣ್ಣು ಆ ಮುಷ್ಟಿಯ ಮೇಲೆ ನೆಟ್ಟಿತು.

"ಅಜ್ಜಿ, ಕೈಯೊಳಗೇನಿದೆ?"

ಮಾದಮ್ಮ ತಡಮಾಡದೆ ಮುಷ್ಟಿ ಬಿಚ್ಚಿದರು. "ಉಪ್ಪು, ಮೂರ್ ಒಣಮೆಣಸಿನ್ಕಾಯಿ. ನೋಡವ್ವ, ಮುಟ್ಟಿ ನೋಡು."

ಇಂಚರ ಮುಟ್ಟಿದಳು. ಒಂದು ಕಲ್ಲುಪ್ಪು ಬಾಯಿಗೂ ಹಾಕಿಕೊಂಡಳು. ಅವಳ ಹೆಗಲು ಸ್ವಲ್ಪ ಕೆಳಗಿಳಿದದ್ದು ನನಗೂ ಕಂಡಿತು, ಅಕ್ಕನಿಗೂ ಕಂಡಿತು.

"ನೋಡ್ದಾ?" ಎಂದಳು ಅಕ್ಕ ನನ್ನ ಕಡೆ ತಿರುಗಿ. "ಆಯಮ್ಮ ಬಿಚ್ಚಿ ತೋರಿಸ್ದಳು. ನೀನು ಏನೂ ಇಲ್ಲ ಅಂದೆ. ಹಾಕು ಪಿಚ್ಚರ್‌ನ. ನೀನು ಮುಚ್ಚಿದ್ದಷ್ಟನ್ನೂ ತೋರ್ಸು."

ನಾನು ಶಾಸ್ತ್ರೋಕ್ತವಾಗಿ ವಿರೋಧಿಸಿದೆ. ಹೆದರಿದ ಮಗುವಿಗೆ ಹೆದರಿಸಿದ್ದನ್ನೇ ಮತ್ತೆ ತೋರಿಸುವುದು, ಎಳೆಯ ಮನಸ್ಸು, ದೀರ್ಘಕಾಲದ ಪರಿಣಾಮ ಎಂದೆಲ್ಲ ಹೇಳಿದೆ. ಅಕ್ಕ ನನ್ನ ಜೇಬಿನಿಂದ ಚೀಟಿ ಎಳೆದು ನಿಧಿಯ ಕೈಗೆ ಕೊಟ್ಟಳು. ನಿಧಿ ಮೊದಲನೆಯ ನಿಮಿಷಕ್ಕೆ ಸಿನಿಮಾ ತಂದು ನಿಲ್ಲಿಸಿದಳು. ಒಂದು ಜಾಹೀರಾತೂ ಬರಲಿಲ್ಲ.

ಬಾವಿಕಟ್ಟೆಯ ಮೇಲೆ ಮೊದಲು ಒಂದು ಪಾದ ಬಂತು. ಪಾದದಲ್ಲಿ ಹವಾಯಿ ಚಪ್ಪಲಿ.

"ಅತ್ತೆ, ದೆವ್ವ ಚಪ್ಪಲಿ ಹಾಕಿದೆ" ಎಂದಳು ಇಂಚರ.

"ಬಾವೀಲಿ ಪಾಚಿ ಇರ್ತದಲ್ಲ, ಜಾರೀತು ಅಂತ."

ಮುಖ ಬಂತು. "ಮೈದಾಹಿಟ್ಟು ಮೆತ್ತಿದ್ದಾರೆ. ಕಿವಿ ಹತ್ರ ಮರ್ತೋಗಿದ್ದಾರೆ" ಎಂದಳು ನಿಧಿ. ಮಾದಮ್ಮ, "ಆ ಸೀರೆ ಅಂಚು ಎಷ್ಟು ಸೆಂದಾಗದೆ" ಎಂದರು. ಮೂರನೆಯ ದೃಶ್ಯಕ್ಕೆ ಇಂಚರ ಸೆರಗು ಬಿಟ್ಟಳು. ನಾಲ್ಕನೆಯದನ್ನು ಎರಡು ಸಲ ಹಾಕಿಸಿಕೊಂಡಳು.

"ಅತ್ತೆ, ಅಪ್ಪ ಕಣ್ಮುಚ್ಕೊಂಡಿದ್ದಾರೆ."

"ಬಿಡು ಮಗ, ಅವ್ನು ಅವತ್ತೂ ಹಿಂಗೇ. ಟೆಂಟಲ್ಲಿ ಇಡೀ ಪಿಚ್ಚರ್ ನನ್ನ ಲಂಗದೊಳಗೆ ಮುಖ ಹುದುಗಿಸ್ಕೊಂಡು ಕೂತಿದ್ದ. ಮನೆಗೆ ಬಂದು ಕತೆ ಹೇಳೇ ಅಕ್ಕ ಅಂದ. ಇವ್ನು ಹೆದರ್ಕೊತಾನೆ ಅಂತ ಎದೆ ಝಲ್ ಅನ್ನೋದನ್ನೆಲ್ಲ ಬಿಟ್ಟು ಹೇಳ್ದೆ."

ನಾನು ಕಣ್ಣು ಬಿಟ್ಟೆ. ಆ ಲಂಗ ನನಗೆ ನೆನಪಿಲ್ಲ. ಅದರ ಬಣ್ಣ ಕೇಳಿದೆ, ಹಸಿರು ಎಂದಳು. ಹಸಿರು ಎಂದ ಮೇಲೆ ನೆನಪಾದಂತೆಯೂ ಆಯಿತು, ಆದರೆ ಆ ನೆನಪನ್ನು ನಾನು ನಂಬುವುದಿಲ್ಲ. ಒಟ್ಟಿನಲ್ಲಿ, ಇಷ್ಟು ವರ್ಷ ನಾನು ನೋಡಿದ್ದೇನೆ ಎಂದುಕೊಂಡಿದ್ದ ಸಿನಿಮಾ ಅಕ್ಕ ಹೇಳಿದ ಕತೆ. ಹನ್ನೊಂದು ವರ್ಷದ ಅಕ್ಕ ನನಗೇನು ಕೇಳಿಸಬೇಕು, ಏನು ಬೇಡ ಎಂದು ಯಾವ ಚೀಟಿಯೂ ಇಲ್ಲದೆ ನಿರ್ಧರಿಸಿದ್ದಳು. ನಾನು ಅದೇ ಕೆಲಸವನ್ನು ಮಗಳಿಗೆ ಮಾಡಹೊರಟೆ. ವ್ಯತ್ಯಾಸ ಎಲ್ಲಿ ಬಂತೆಂದು ಈಗಲೂ ಯೋಚಿಸುತ್ತೇನೆ. ಬಹುಶಃ ಅಕ್ಕ ನನ್ನ ಮುಖ ನೋಡುತ್ತ ಹೇಳಿದ್ದಳು. ನಾನು ಗಡಿಯಾರ ನೋಡುತ್ತ ಬಟ್ಟೆ ಹಿಡಿದಿದ್ದೆ.

ಆರು ಗಂಟೆಗೆ ಸರಿಯಾಗಿ ಫೋನು ಬಂತು. ಸ್ಟೂಲಿನ ಮೇಲೆ ನಿಂತು ದೇವರಕೋಣೆಯ ಪರದೆಗೆ ರಿಂಗು ಪೋಣಿಸುತ್ತಿದ್ದ ನಾನು ಅಲ್ಲಿಂದಲೇ ಕಿವಿಗೊಟ್ಟೆ. ಇಂಚರ ಸ್ಪೀಕರ್ ಹಾಕಿದಳು.

"ಏನ್ ಮಾಡಿದ್ರಿ ಇವತ್ತು?" ಎಂದಳು ಸವಿತಾ.

"ದೆವ್ವದ ಸಿನಿಮಾ ನೋಡಿದ್ವಿ."

"ಹೆದರಿಕೊಂಡ್ಯಾ?"

"ಫಸ್ಟು ಹೆದರ್ದೆ. ಆಮೇಲೆ ಇಲ್ಲ."

"ನಾನು ಬರ್ಲಾ ಪುಟ್ಟಿ? ನಿಜ ಹೇಳು."

ಇಂಚರ ಸ್ವಲ್ಪ ಯೋಚಿಸಿದಳು. ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದಳು. "ಬೇಡಮ್ಮ. ನೀನು ಎಲ್ಲಾ ಕಲ್ತ್ಕೊಂಡೇ ಬಾ. ನಾನು ಇಲ್ಲೇ ಇರ್ತೀನಿ, ನಾಳೆ ತಲಕಾಡಿಗೆ ಹೋಗ್ತೀವಿ ಮರಳಲ್ಲಿ ಆಡೋಕೆ. ಆದ್ರೆ ಅಪ್ಪನ್ನ ಊರಿಗೆ ಕಳಿಸ್ಬಿಡು. ಅವ್ರಿದ್ರೆ ದಿಗಿಲಾಗುತ್ತೆ."

"ಫೋನ್ ಕೊಡು ಅವ್ರಿಗೆ" ಎಂದಳು ಸವಿತಾ. ಕೊಟ್ಟಳು. "ಏಳು ಗಂಟೆಗೆ ಒಂದು ಬಸ್ ಇದೆಯಂತಲ್ಲ" ಎಂದಷ್ಟೇ ಹೇಳಿ ಇಟ್ಟಳು.

ಸವಿತಾ ಹತ್ತು ದಿನವನ್ನೂ ಮುಗಿಸಿದಳು. ಇಂಚರ ಒಂದು ಸಂಜೆಯೂ ಅಳಲಿಲ್ಲ. ಅಮ್ಮನನ್ನು ಬಿಟ್ಟಿರುವುದನ್ನು ಕಲಿಯಲು ನನ್ನ ಮಗಳಿಗೆ ಮೂರು ಪ್ರಯತ್ನ ಬೇಕಾದವು. ಅಪ್ಪನನ್ನು ಬಿಟ್ಟಿರುವುದು ಒಂದೇ ಮಧ್ಯಾಹ್ನದಲ್ಲಿ ಬಂತು.