ದಾವಣಗೆರೆಯ ಪರವಾಗಿ ನಾನು ವಾದಿಸಿದ್ದು

ಕಾಣದ ಊರನ್ನು ಹೊಗಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಕಂಡ ಊರಾದರೆ ಅಲ್ಲಿಯ ಸೊಳ್ಳೆ, ಧೂಳು, ನೆಂಟರು ಎಲ್ಲ ನೆನಪಾಗಿ ಬಾಯಿ ಕಟ್ಟುತ್ತದೆ. ನನ್ನ ಬಾಯಿ ಕಟ್ಟದೆ ಹೋದದ್ದರಿಂದ ಆದ ಕತೆ ಇದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಕಾಪುವಿನಲ್ಲಿ, ಹೆಂಡತಿ ಗಿರಿಜ ಅಲ್ಲಿಯೇ ಶಾಲೆಯಲ್ಲಿ ಟೀಚರು. ಕಚೇರಿಯ ವಾರ್ಷಿಕೋತ್ಸವಕ್ಕೆ ಒಂದು ವರ್ಷ ಚರ್ಚಾಸ್ಪರ್ಧೆ ಇಟ್ಟರು. ನಾಡು ಒಂದಾದ ಕಾಲದಲ್ಲಿ, ರಾಜಧಾನಿ ಮೂಲೆಯ ಬೆಂಗಳೂರಿನಲ್ಲಿ ಬೇಡ, ನಡುವಿನ ದಾವಣಗೆರೆಗೆ ಹೋಗಲಿ ಎಂದು ಕೆಲವು ಹಿರಿಯರು ವಾದಿಸಿದ್ದರಂತೆ. ಆರಿಹೋದ ಆ ಕಾವಲಿಯ ಮೇಲೆ ನಾವು ದೋಸೆ ಹೊಯ್ಯಬೇಕಿತ್ತು. ಬೆಂಗಳೂರಿನ ಪರ ಹೆಜಮಾಡಿಯ ಟೈಪಿಸ್ಟ್ ಖಾದರ್; ದಾವಣಗೆರೆಯ ಪರ, ಆವರೆಗೆ ಘಾಟಿಯನ್ನೇ ಹತ್ತದಿದ್ದ ನಾನು.

"ನೀನು ಆ ಊರು ನೋಡಿದ್ದುಂಟಾ ಮಾರಾಯ?" ಎಂದು ಖಾದರ್ ಕೇಳಿದ.

"ನೋಡಿದರೆ ವಾದ ಕೆಡುತ್ತದೆ," ಎಂದೆ.

ಅಧ್ಯಕ್ಷತೆಗೆ ಬೆಂಗಳೂರಿನಿಂದ ದೊಡ್ಡ ಸಾಹೇಬರೇ ಬಂದಿದ್ದರು. ನಾನು ದಾವಣಗೆರೆಯ ಒಣ ಹವೆ, ಬೆಣ್ಣೆ, ಅಲ್ಲಿಯ ಜನರ ದೊಡ್ಡ ಮನಸ್ಸು ಎಂದು ಹದಿನೈದು ನಿಮಿಷ ಎಡೆಬಿಡದೆ ಹೊಗಳಿದೆ. ಅಂಥ ಊರಿನಲ್ಲಿ ಬಾಳುವುದೇ ಪುಣ್ಯ ಎಂದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಗಿತ್ತು. ಮೊದಲ ಬಹುಮಾನ ಬಂತು. ಸಾಹೇಬರು ಬೆನ್ನು ತಟ್ಟಿ, ನನ್ನ ಹೆಸರನ್ನು ಡೈರಿಯಲ್ಲಿ ಬರೆದುಕೊಂಡರು. ನಾನು ಬಡ್ತಿಯ ಕನಸು ಕಂಡೆ.

ತಿಂಗಳೊಳಗೆ ವರ್ಗದ ಆದೇಶ ಬಂತು. ದಾವಣಗೆರೆಗೆ.

ಗಿರಿಜ ಕಾಗದವನ್ನು ಎರಡು ಸಲ ಓದಿದಳು. "ರಾಜಧಾನಿ ಇದ್ದಲ್ಲೇ ಉಂಟು. ನೀವು ಮಾತ್ರ ಹೊರಟಿರಿ, ಅಲ್ವಾ?" ಎಂದವಳು ಒಳಗೆ ಹೋದಳು. ಅವಳ ನೌಕರಿ ಇಲ್ಲಿ, ತೊಟ್ಟಿಲಲ್ಲಿ ಆರು ತಿಂಗಳ ಮಗು. ನಾನು ಒಬ್ಬನೇ ಬಸ್ಸು ಹತ್ತಿದೆ.

ದಾವಣಗೆರೆ ಕೆಟ್ಟ ಊರೇನೂ ಅಲ್ಲ. ನಾನು ಸುಳ್ಳೆಂದುಕೊಂಡೇ ಹೇಳಿದ್ದರಲ್ಲಿ ಬಹಳಷ್ಟು ನಿಜವೇ ಆಗಿತ್ತು. ಒಣ ಹವೆಗೆ ನನ್ನ ತುಟಿ ಒಡೆಯಿತು, ಅಷ್ಟೆ. ಮನೆ ಮಾಲೀಕ ವೀರಭದ್ರಪ್ಪನವರಿಗೆ ಒಂದು ಸಂಜೆ ನನ್ನ ಭಾಷಣವನ್ನು ಒಪ್ಪಿಸಿದೆ. ಅವರು ಗಾಬರಿಯಾದರು. "ಬ್ಯಾಡ್ರೀ ಸ್ವಾಮಿ! ಮಂತ್ರಿಗಳು ಬರ್ತಾರೆ, ಅವರ ಹಿಂದೆ ಜನ ಬರ್ತಾರೆ. ಕುಡಿಯೋ ನೀರಿಗೆ ಏನ್ಮಾಡೋಣ?" ಇಷ್ಟು ಗಟ್ಟಿಯಾದ ವಾದ ಖಾದರನಿಗೂ ಹೊಳೆದಿರಲಿಲ್ಲ.

ಮಗು ನಡೆಯತೊಡಗಿದ್ದನ್ನು ಗಿರಿಜಳ ಕಾಗದದಲ್ಲಿ ಓದಿದ ದಿನ ಊಟ ಸೇರಲಿಲ್ಲ. ಮರುದಿನವೇ ರಜೆ ಹಾಕಿ ಬೆಂಗಳೂರಿಗೆ ಹೋಗಿ ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತೆ.

ಅವರಿಗೆ ನಿಜವಾಗಿ ನೋವಾಯಿತು. "ಅಲ್ರೀ, ನಿಮಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ! ಅಷ್ಟು ಪ್ರೀತಿಯಿಂದ ಮಾತಾಡಿದ್ರಿ." ಮಗುವಿನ ವಿಷಯ ಹೇಳಿದೆ. ಅವರು ಅರ್ಜಿಯ ಮೇಲೆಯೇ ಮತ್ತೆ ಕಾರ್ಕಳಕ್ಕೆ ವರ್ಗ ಎಂದು ಬರೆದು ರುಜು ಹಾಕಿದರು. ನಾನು ಕೈಮುಗಿದು ಬಾಗಿಲ ತನಕ ಬಂದಾಗ, ಪಾಪ, ವಿಶ್ವಾಸದಿಂದಲೇ ಕೇಳಿದರು: "ಮೊದಲ ಸಲ ಬಂದಿದ್ದೀರಿ, ಬೆಂಗಳೂರು ಹೇಗನ್ನಿಸಿತು?"

ಡಿಸೆಂಬರ್ ತಿಂಗಳು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಹೂವಿನ ಮರಗಳು, ಅಗಲ ರಸ್ತೆಗಳು, ತಂಪು ಗಾಳಿ ಎಂದು ನಾಲಿಗೆಯ ತುದಿಯವರೆಗೂ ಬಂದಿತ್ತು.

"ವಿಪರೀತ ಸೆಕೆ ಸರ್," ಎಂದು ಹೇಳಿ, ಮೆಟ್ಟಿಲಿಳಿದು ಓಡಿದೆ.